ಹಾಫ್ ಕ್ಲಚ್ಚಿನ ನಡುಕ

ನಾನು ಒಂದು ಎಂಜಿನ್ ಮೌಂಟ್. ನೋಡಿ, ಆಗಲೇ ನಿಮ್ಮ ಮುಖ ಸಪ್ಪಗಾಯಿತು. ಟೈರೋ ಸ್ಟೇರಿಂಗೋ ಮಾತಾಡಿದ್ದರೆ ಕಿವಿ ನಿಮಿರಿಸಿ ಕೂರುತ್ತಿದ್ದಿರಿ. ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಕೂತು, ಅದರ ಕುಣಿತವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು, ನಿಮ್ಮ ಸೊಂಟದವರೆಗೆ ಬರದಂತೆ ತಡೆಯುವ ಮುಷ್ಟಿಗಾತ್ರದ ರಬ್ಬರು ನಾನು. ಗ್ಯಾರೇಜಿನವರು ನನಗೆ ಫೌಂಡೇಶನ್ ಅನ್ನುತ್ತಾರೆ. ಕಾರಿಟ್ಟುಕೊಂಡ ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿಗೆ ನಾನಿರುವುದೇ ಗೊತ್ತಿಲ್ಲ. ಆ ನೂರನೆಯವನ ಕತೆಯನ್ನೇ ಹೇಳಹೊರಟಿದ್ದೇನೆ. ಅವನಿಗೆ ಗೊತ್ತಿತ್ತು, ಆದರೂ ಕೆಡಿಸಿದ.

ನಾನು ಹುಟ್ಟಿದ್ದು ಕಾದ ಅಚ್ಚಿನೊಳಗೆ. ರಬ್ಬರನ್ನು ಬೇಯಿಸಿ ಉಕ್ಕಿನ ತೋಳಿಗೆ ಕಚ್ಚಿಸಿದರು. ತನಿಖೆಯವನೊಬ್ಬ ನನ್ನನ್ನು ಹಿಂಡಿ, ತಿರುಚಿ, ಸಾಕೆಂದು ಕೆಳಗಿಟ್ಟ. ಮೊದಲ ಯಜಮಾನ ಮೈಸೂರಿನ ಒಬ್ಬ ಬ್ಯಾಂಕ್ ಅಧಿಕಾರಿ. ಆರು ವರ್ಷ ಕಳೆದರೂ ಸೀಟಿನ ಪ್ಲಾಸ್ಟಿಕ್ ತೆಗೆಯಲಿಲ್ಲ, ಮೂರನೇ ಗೇರಿಗಿಂತ ಮೇಲೆ ಹಾಕಲಿಲ್ಲ. ಕಾರನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಕೊನೆಗೆ ಅದನ್ನು ನಂಜನಗೂಡಿನ ಗುರುಪಾದಸ್ವಾಮಿ ಕೊಂಡುಕೊಂಡ. ಡ್ರೈವಿಂಗ್ ಸ್ಕೂಲಿನವನು. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಎಲ್’ ಬರೆಸಿದ, ಪಕ್ಕದ ಸೀಟಿನ ಕೆಳಗೆ ತನ್ನ ಕಾಲಿಗೊಂದು ಬ್ರೇಕು ಹಾಕಿಸಿಕೊಂಡ. ಅಲ್ಲಿಗೆ ನನ್ನ ಸುಖ ಮುಗಿಯಿತು.

ಕಲಿಯಲು ಬರುವವರು ಕ್ಲಚ್ಚಿನ ಮೇಲಿನ ಕಾಲನ್ನು ಎತ್ತುವುದಿಲ್ಲ, ಎಸೆಯುತ್ತಾರೆ. ಕಾರು ಮೇಕೆಯಂತೆ ನೆಗೆದು ನಿಲ್ಲುತ್ತದೆ, ಆ ಏಟು ಬೀಳುವುದು ನನ್ನ ಬೆನ್ನಿಗೆ. ದಿನಕ್ಕೆ ನೂರು ಏಟು. ಒಬ್ಬರಾದರೂ ‘ಅಯ್ಯೋ ಪಾಪ’ ಅಂದಿದ್ದರೆ ಕೇಳಿ.

ಆದರೆ ಗುರುಪಾದಸ್ವಾಮಿಗೆ ಒಂದು ವಿದ್ಯೆ ಬರುತ್ತಿತ್ತು, ಇಲ್ಲವೆಂದರೆ ನಾಲಿಗೆ ಬಿದ್ದುಹೋಗುತ್ತದೆ. ಬಂದವರಿಗೆಲ್ಲ ಮೊದಲ ದಿನವೇ ಚಪ್ಪಲಿ ಬಿಡಿಸುತ್ತಿದ್ದ. “ಬರಿಗಾಲಲ್ಲಿ ಒತ್ತಿ. ನಿಧಾನಕ್ಕೆ ಬಿಡಿ. ಒಂದು ಕಡೆ ಗಾಡಿ ನಡುಗ್ತದೆ. ಬಂತಾ? ಅದೇ ಹಾಫ್ ಕ್ಲಚ್ಚು. ಅಲ್ಲೇ ಕಾಲು ನಿಲ್ಲಿಸಿ, ಏರಲ್ಲೂ ಗಾಡಿ ಹಿಂದಕ್ಕೆ ಹೋಗಲ್ಲ.” ಆ ಒಂದು ನಡುಕ ಕಾಲಿಗೆ ತಿಳಿಯುತ್ತಿದ್ದದ್ದು ಯಾರ ದಯೆಯಿಂದ? ಮಿಕ್ಕ ನಡುಕವನ್ನೆಲ್ಲ ನಾನು ನುಂಗುತ್ತಿದ್ದೆನಲ್ಲ, ಅದರಿಂದ. ಪಾಠ ಅವನದು, ಪಾಠಶಾಲೆ ನಾನು.

ಆ ವರ್ಷ ಚಿಕ್ಕತಾಯಮ್ಮ ಬಂದಳು. ಹದಿನಾಲ್ಕು ವರ್ಷ ಬೀದಿಯಲ್ಲಿ ಕಸದ ತಳ್ಳುಗಾಡಿ ತಳ್ಳಿದವಳು, ಬಲಭುಜ ಎತ್ತಲಾಗುತ್ತಿರಲಿಲ್ಲ. ನಗರಸಭೆಯವರು ಕಸದ ಮೋಟಾರುಗಾಡಿಗೆ ಹೆಂಗಸರನ್ನೇ ಡ್ರೈವರ್ ಮಾಡುತ್ತೇವೆಂದು ಪಟ್ಟಿ ಮಾಡಿದ್ದರು, ಅದರಲ್ಲಿ ಇವಳ ಹೆಸರಿತ್ತು. ಒಂದು ಸಲ ಟೆಸ್ಟಿನಲ್ಲಿ ಫೇಲಾಗಿದ್ದಳು. ಇನ್ನೊಮ್ಮೆ ಆದರೆ ಹೆಸರು ಹೊಡೆದು ಹಾಕುತ್ತಿದ್ದರು, ಮತ್ತೆ ತಳ್ಳುಗಾಡಿಯೇ ಗತಿ. ಎರಡೇ ವಾರದಲ್ಲಿ ಅವಳ ಅಂಗಾಲಿಗೆ ನನ್ನ ಭಾಷೆ ತಿಳಿಯಿತು.

ಅಷ್ಟರಲ್ಲಿ ನನ್ನ ಮೈಯಲ್ಲಿ ಒಂದು ಬಿರುಕು ಬಿತ್ತು. ಬೀಳದೆ ಇರುತ್ತದೆಯೇ? ಗುರುಪಾದಸ್ವಾಮಿ ಫೋನಿನಲ್ಲಿ ಯಾವನೋ ಕಪ್ಪು ಕನ್ನಡಕದವನ ವೀಡಿಯೋ ನೋಡಿ ಒಂದು ಗಟ್ಟಿ ಮೌಂಟ್ ತರಿಸಿದ. ಕೆಂಪಗೆ, ಮಿರಮಿರ ಮಿಂಚುತ್ತ, ಬೀಗರ ಊಟಕ್ಕೆ ಹೊರಟವನ ಹಾಗಿತ್ತು. ಬಗ್ಗುವುದು ಗೊತ್ತಿಲ್ಲ, ಅದಕ್ಕೇ ಬಲಶಾಲಿಯೆಂದು ಹೆಸರು.

ಮೆಕ್ಯಾನಿಕ್ ಮುನಾವರ್ ಅದನ್ನು ಉಗುರಿನಲ್ಲಿ ಒತ್ತಿ ನೋಡಿದ. “ಸಾಮಿ, ಇದು ರೇಸ್ ಗಾಡೀದು. ಎಂಜಿನ್ ನಡುಕ ಎಲ್ಲಾ ಮೇಲಕ್ಕೆ ಬತ್ತದೆ.”

“ಸಾವಿರ ಕಿಲೋಮೀಟ್ರು ಓಡ್ಲಿ, ಪಳಗ್ತದೆ. ನೀನು ಹಾಕು ಭಾಯ್.”

ಹಾಕಿದ. ನನ್ನನ್ನು ಡಿಕ್ಕಿಗೆ ಎಸೆದರು. ಏರಿನಲ್ಲಿ ಪಾಠ ಮಾಡುವಾಗ ಹಿಂದಿನ ಚಕ್ರಕ್ಕೆ ಅಡ್ಡ ಇಡುವ ಕಲ್ಲಿನ ಕೆಲಸ ನನ್ನ ಪಾಲಿಗೆ ಬಂತು. ಬಿದ್ದುಕೊಂಡು ಅವನ ಮಂಗಾಟವನ್ನೆಲ್ಲ ಕಣ್ತುಂಬ ನೋಡಿದೆ.

ಕಾರು ನಿಂತಲ್ಲೇ ಗಡಗಡ. ಕನ್ನಡಿಯಲ್ಲಿ ಒಂದು ಸ್ಕೂಟರು ಎರಡಾಗಿ ಕಾಣುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಈ ಪುಣ್ಯಾತ್ಮ ಡ್ಯಾಶ್‌ಬೋರ್ಡಿನ ಸಂದಿಗೆ ಹವಾಯಿ ಚಪ್ಪಲಿ ಕೊಯ್ದು ತುರುಕಿದ, ಬಾಗಿಲಿಗೆ ಹಳೇ ಪೇಪರ್ ಮಡಿಸಿ ಸಿಕ್ಕಿಸಿದ, ಸೀಟಿಗೆ ಮನೆಯ ದಿಂಬು ತಂದು ಹಾಕಿದ. ಸಾಲದೆಂದು ಬಂಪರಿಗೆ ನಿಂಬೆಹಣ್ಣು ಕಟ್ಟಿದ, ಮೂರನೇ ದಿನ ಅದೂ ಉದುರಿತು. ಡ್ಯಾಶ್‌ಬೋರ್ಡಿನ ಗಣಪತಿ ಬೆಳಗಿಂದ ಸಂಜೆವರೆಗೆ ತಲೆ ಅಲ್ಲಾಡಿಸುತ್ತಿದ್ದ. “ನೋಡಿ, ಸ್ವಾಮಿನೇ ಹೂಂ ಅಂತಾವ್ನೆ” ಅಂದ ಈ ಮಹಾನುಭಾವ. ಥೂ! ಬುದ್ಧಿಗೂ ಒಂದು ಫೌಂಡೇಶನ್ ಬೇಕು.

ಟೆಸ್ಟು ಶುಕ್ರವಾರ. ಮಂಗಳವಾರ ಹೊಳೆಯ ಕಡೆಯ ಏರಿನಲ್ಲಿ ಚಿಕ್ಕತಾಯಮ್ಮ ಕಾರು ನಿಲ್ಲಿಸಿ ಕ್ಲಚ್ಚು ಎತ್ತಿದಳು. ಕಾರು ಹಿಂದಕ್ಕೆ ಜಾರಿ ನನ್ನ ಮೇಲೆ ಕೂತಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ನಾಲ್ಕನೇ ಸಲಕ್ಕೆ ಎಂಜಿನ್ನೇ ಆಫಾಯಿತು.

“ಕಲಿತಿದ್ದೆಲ್ಲ ಮರ್ತುಬಿಟ್ಯಾ?” ಗುರುಪಾದಸ್ವಾಮಿ ರೇಗಿದ.

“ಗಾಡಿ ಸರಿಯಿಲ್ಲ ಸಾ.”

“ಕುಣೀಲಾರದವ್ಳು ನೆಲ ಡೊಂಕು ಅಂದ್ಳಂತೆ!”

ನನ್ನ ಮೈಯೆಲ್ಲ ಉರಿಯಿತು. ಗಾದೆ ಹೇಳುವುದಕ್ಕೇನು ಹೋಗಬೇಕು ಇವನದು? ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವನು ಪಕ್ಕದ ಸೀಟಿನಲ್ಲಿ ದಿಂಬಿನ ಮೇಲೆ ಕೂತಿದ್ದ.

ಚಿಕ್ಕತಾಯಮ್ಮ ಕೆಳಗಿಳಿದು ಬಾನೆಟ್ಟಿನ ಮೇಲೆ ಕೈಯಿಟ್ಟಳು. “ಮೊದ್ಲು ಸುಮ್ನಿದ್ದು ಒಂದೇ ಒಂದ್ಸಲ ನಡುಗ್ತಿತ್ತು ಸಾ, ಕಾಲಿಗೆ ಗೊತ್ತಾಗ್ತಿತ್ತು. ಈಗ ನಿಂತ್ರೂ ನಡುಗ್ತದೆ, ಹೋದ್ರೂ ನಡುಗ್ತದೆ. ಸಂತೇಲಿ ಎಲ್ರೂ ಕೂಗ್ತಾ ಇದ್ರೆ ನನ್ನ ಕರೆದೋರು ಯಾರು ಅಂತ ಹೆಂಗ್ ತಿಳೀಲಿ? ನೀವೇ ಒಂದ್ಸಲ ಬರಿಗಾಲಲ್ಲಿ ನೋಡಿ.”

ಅವನು ಗೊಣಗುತ್ತ ಆ ಕಡೆ ಬಂದು ಕೂತ, ಚಪ್ಪಲಿ ಬಿಟ್ಟ. ಹತ್ತು ವರ್ಷದಿಂದ ಬೇರೆಯವರ ಚಪ್ಪಲಿ ಬಿಡಿಸಿದವನು ತನ್ನದನ್ನು ಬಿಟ್ಟದ್ದು ಅದೇ ಮೊದಲು. ಕ್ಲಚ್ಚು ಮೆಲ್ಲಗೆ ಎತ್ತಿದ. ಹುಡುಕಿದ. ಸಿಗಲಿಲ್ಲ. ಮೇಷ್ಟ್ರ ಕಾರು ಮೆಲ್ಲಗೆ ಹಿಂದಕ್ಕೆ ಬಂದು ನನ್ನ ಮೇಲೆ ಕೂತಿತು. ಅಷ್ಟು ಭಾರ ಹೊತ್ತೂ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ತಪ್ಪಾಯಿತು ಅಂದನೇ? ಅವನ ಜನ್ಮದಲ್ಲಿಲ್ಲ. “ಇವತ್ತು ಬಿಸಿಲು ಜಾಸ್ತಿ” ಅಂದು ನನ್ನನ್ನು ಡಿಕ್ಕಿಗೆ ಹಾಕಿಸಿ ಕಾರನ್ನು ಗ್ಯಾರೇಜಿಗೆ ತಿರುಗಿಸಿದ.

ಮುನಾವರ್ ನಗಲಿಲ್ಲ. ದೊಡ್ಡ ಮನುಷ್ಯ. “ಹೊಸ ರಬ್ಬರು ಮೈಸೂರಿಂದ ಬರೋದು ಸೋಮವಾರ” ಅಂದ.

“ಟೆಸ್ಟು ಶುಕ್ರವಾರ ಅಲ್ವಾ?” ಚಿಕ್ಕತಾಯಮ್ಮ ಡಿಕ್ಕಿಯಿಂದ ನನ್ನನ್ನು ಎತ್ತಿ ಮುನಾವರನ ಕೈಗಿಟ್ಟಳು. “ಇದನ್ನೇ ಹಾಕಣ್ಣ.”

ಅವನು ನನ್ನ ಬಿರುಕಿಗೆ ಬೆರಳಿಟ್ಟು ನೋಡಿದ. “ಜೀವ ಐತೆ. ಒಂದು ವಾರ ತಡೀಬೋದು. ಗ್ಯಾರಂಟಿ ಇಲ್ಲಮ್ಮ.”

ಶುಕ್ರವಾರ ಟೆಸ್ಟಿನ ಏರಿನಲ್ಲಿ ಅವಳು ಚಪ್ಪಲಿ ಬಿಟ್ಟು ಕೂತಳು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಫೈಲು ಹಿಡಿದು ಆಕಳಿಸುತ್ತಿದ್ದರು. ನನ್ನ ಬಿರುಕು ಅರ್ಧ ಮೈ ದಾಟಿತ್ತು. ಜೀವಮಾನದಲ್ಲಿ ನಾನು ಹೆದರಿದ್ದು ಆಗ ಮಾತ್ರ. ಎಂಜಿನ್ನಿನ ಕುಣಿತವನ್ನೆಲ್ಲ ಕಚ್ಚಿ ಹಿಡಿದೆ. ಅವಳ ಕಾಲು ಎಳೆಯಷ್ಟು ಮೇಲೆ ಬಂತು. ಒಂದು ನಡುಕ, ಒಂದೇ ಒಂದು, ಅವಳ ಅಂಗಾಲಿಗೆ ಕಳಿಸಿದೆ. ಕಾಲು ಅಲ್ಲೇ ನಿಂತಿತು. ಬ್ರೇಕು ಬಿಟ್ಟರೂ ಕಾರು ಕದಲಲಿಲ್ಲ, ಆಮೇಲೆ ಸಲೀಸಾಗಿ ಮೇಲೆ ಹೋಯಿತು. ತುದಿ ಮುಟ್ಟಿದಾಗ ನಾನು ಎರಡು ತುಂಡಾದೆ. ಅವಳು ಪಾಸಾದಳು.

ಸೋಮವಾರ ಹೊಸ ರಬ್ಬರು ಬಂತು. ಆ ಗಟ್ಟಿ ಮೌಂಟ್ ಕೆಂಪಣ್ಣ ಈಗ ಗುರುಪಾದಸ್ವಾಮಿಯ ಮೇಜಿನ ಮೇಲೆ ಅರ್ಜಿಗಳು ಹಾರದಂತೆ ಕೂತಿದ್ದಾನೆ, ಅವನ ಯೋಗ್ಯತೆಗೆ ತಕ್ಕ ಕೆಲಸ. ನನ್ನ ತುಂಡುಗಳನ್ನು ಮೇಷ್ಟ್ರು ಒಂದು ತಿಂಗಳು ಮೂಲೆಯಲ್ಲಿ ಬಿಸಾಕಿದ್ದು, ಆಮೇಲೆ ಕಸದ ಬಕೆಟ್ಟಿಗೆ ಹಾಕಿದರು. ಅವತ್ತು ಆ ಬೀದಿಗೆ ಬಂದ ಕಸದ ಗಾಡಿಯ ಸ್ಟೇರಿಂಗ್ ಹಿಡಿದದ್ದು ಚಿಕ್ಕತಾಯಮ್ಮ.

“ಸಾ, ರಬ್ಬರು ಒಣ ಕಸ. ಹಸೀದ್ರಲ್ಲಿ ಹಾಕಿದ್ದೀರಲ್ಲ!” ಗದರಿ ಬಕೆಟ್ಟಿಗೆ ಕೈಹಾಕಿದವಳು ನನ್ನನ್ನು ಕಂಡು ಹೊರಗೆತ್ತಿದಳು. ಸೊಪ್ಪಿನ ಕಡ್ಡಿ ಕೊಡವಿ, ಸೆರಗಿನಲ್ಲಿ ಒರೆಸಿದಳು. ಗುರುಪಾದಸ್ವಾಮಿ ಖಾಲಿ ಬಕೆಟ್ಟು ಹಿಡಿದು ನಿಂತೇ ಇದ್ದ.

ಈಗ ಅವಳ ಸೀಟಿನ ಕೆಳಗಿದ್ದೇನೆ. ಪಕ್ಕದಲ್ಲಿ ಅವಳು ಬಿಟ್ಟ ಚಪ್ಪಲಿ, ಎದುರಿಗೆ ಅವಳ ಎಡಗಾಲು. ಈ ಗಾಡಿಯ ಫೌಂಡೇಶನ್ ಶುದ್ಧ ಸೋಮಾರಿ, ಅದರ ಮಾತು ಬೇಡ. ಇಷ್ಟು ವರ್ಷದಲ್ಲಿ ನಾನು ಬೈಯದೆ ಬಿಟ್ಟದ್ದು ಈ ಕಾಲೊಂದನ್ನೇ. ಏರು ಬಂದಾಗ ಹಿಂದಿನ ಚಕ್ರಕ್ಕೆ ಅಡ್ಡ ಇರಲೆಂದು ನನ್ನ ದೊಡ್ಡ ತುಂಡನ್ನು ಇಟ್ಟುಕೊಂಡಿದ್ದಾಳೆ. ಇವತ್ತಿನವರೆಗೆ ಒಂದು ಸಲವೂ ಕೆಳಗಿಳಿಸಿಲ್ಲ.