ತುದಿ ಹಿಡಿದವಳು

"ಬಿಡಮ್ಮ, ಅಜ್ಜ ತಳ ಮುಟ್ಟಾಯ್ತು," ಎಂದ ಪೆಟ್ಟಿಗೆ ಮಾಡಿಕೊಟ್ಟ ಬಡಗಿ.

ಹಗ್ಗದಜ್ಜನ ಶವದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದ್ದು ಅವನೇ ಹೊಸೆದ ಹಗ್ಗದಿಂದ; ಅದು ಅವನ ಜೊತೆಗೇ ಹೋಗಲಿ ಎಂದು ಮಾತಾಗಿತ್ತು. ಉಳಿದ ಮೂವರು ತಮ್ಮ ತುದಿಗಳನ್ನು ಗುಂಡಿಯೊಳಗೆ ಬಿಟ್ಟಿದ್ದರು. ಮಗಳು ಮಾತ್ರ ತನ್ನ ತುದಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದಳು. ಹೊಸೆಯುವಾಗ ತುದಿ ಹಿಡಿದವರು ನಡೆಯುವುದೇ ಹಾಗೆ. ಹದಿನೇಳು ವರ್ಷ ಅಪ್ಪನ ಹಗ್ಗದ ರಾಟೆಯೆದುರು ಅವಳು ನಡೆದದ್ದೂ ಹಾಗೆಯೇ. ಪೆಟ್ಟಿಗೆಯಡಿಯಿಂದ ಹಗ್ಗ ಜಾರಿ ಜಾರಿ ಅವಳ ಜೊತೆಗೇ ಮೇಲೆ ಬರುತ್ತಿತ್ತು. ಬಡಗಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಎಷ್ಟು ಹಚ್ಕೊಂಡಿದ್ಲು ನೋಡಿ, ಪಾಪ," ಎಂದು ಯಾರೋ ಕಣ್ಣೊರೆಸಿಕೊಂಡರು.

ವಾಪಸು ಬರುವ ದಾರಿಯುದ್ದಕ್ಕೂ ಅಜ್ಜನ ಗುಣಗಾನ. ದೇವರಂಥ ಮನುಷ್ಯ, ಒಂದು ದಿನ ದನಿ ಎತ್ತಿದವನಲ್ಲ. ತನ್ನ ಉಳಿ ತಗೊಂಡು ಹೋದ ಅಜ್ಜ ವಾಪಸು ಕೊಡಲೇ ಇಲ್ಲ, ಅದನ್ನು ಕೇಳಲು ಅಷ್ಟು ದೂರ ಹೋಗುವ ಅವಸರ ತನಗಿಲ್ಲ ಎಂದು ಬಡಗಿ ಹೇಳಿದಾಗ ನಾಲ್ಕು ಜನ ನಕ್ಕರು. ಮಗಳು ಯೋಚಿಸುತ್ತ ನಡೆದಳು. ಅಪ್ಪ ದನಿ ಎತ್ತಿದ್ದು ಅವಳಿಗೂ ನೆನಪಿರಲಿಲ್ಲ.

*

ಗಂಡ ತೀರಿಕೊಂಡು ಕೂಸಿನೊಂದಿಗೆ ತವರಿಗೆ ಬಂದವಳಿಗೆ ಮೂರನೆಯ ವರ್ಷ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು.

"ಹೋಗು ಮಗಳೇ. ನನ್ನದೇನು, ಹೇಗೋ ಆಗುತ್ತೆ," ಎಂದಿದ್ದ ಅಪ್ಪ.

ಆ ದಿನ ತಟ್ಟೆ ಮುಟ್ಟಲಿಲ್ಲ, ಹಸಿವಿಲ್ಲ ಎಂದ. ಮರುದಿನವೂ ಅಷ್ಟೆ. ಮೂರನೆಯ ದಿನ ಬೀದಿಗೆ ಕಾಣುವಂತೆ ರಾಟೆ ಹೂಡಿ, ತುದಿಯನ್ನು ಕಂಬಕ್ಕೆ ಕಟ್ಟಿ, ಎರಡು ಮಾರು ಹೊಸೆಯುವಷ್ಟರಲ್ಲಿ ಗೋಡೆಗೊರಗಿದ. ಬೀದಿಯವರು ಅವಳ ಮುಖ ನೋಡಿದರು. ಅವಳು ಕಂಬದಿಂದ ತುದಿ ಬಿಚ್ಚಿ ಕೈಗೆ ತಗೊಂಡಳು. ಅಂದು ಅಪ್ಪ ಎರಡು ಸಲ ಬಡಿಸಿಕೊಂಡು ಉಂಡ.

ತನ್ನಿಷ್ಟದಿಂದಲೇ ಉಳಿದೆ ಎಂದು ಅವಳು ಇಷ್ಟು ಕಾಲ ನಂಬಿದ್ದಳು.

ಹೋದ ತಿಂಗಳು ಮೊಮ್ಮಗಳಿಗೆ ನರ್ಸ್ ತರಬೇತಿಯ ಕಾಗದ ಬಂದಾಗಲೂ ಅದೇ ಮಾತು, ಅದೇ ಉಪವಾಸ. ಹುಡುಗಿ ಜಗ್ಗಲಿಲ್ಲ. ಎಂಬತ್ತೆರಡರ ದೇಹ ಈ ಸಲ ತಡೆಯಲಿಲ್ಲ.

*

ಮನೆ ತಲುಪಿದಾಗ ಹುಡುಗಿ ಕಟ್ಟಿದ್ದ ಚೀಲವನ್ನು ಬಿಚ್ಚತೊಡಗಿದ್ದಳು. ಬೆಳಗಾದರೆ ತರಬೇತಿಗೆ ಸೇರಬೇಕು. ಇರುವುದು ಸಂಜೆಯ ಬಸ್ಸೊಂದೇ.

"ನಾನೇ ಅಜ್ಜನ್ನ ಸಾಯಿಸ್ದೆ. ನಾನೆಲ್ಲೂ ಹೋಗಲ್ಲ."

ತಾಯಿಗೆ ಎದೆಯಲ್ಲಿ ಏನೋ ತಣ್ಣಗಾಯಿತು. ಅದು ನೆಮ್ಮದಿ ಎಂದು ಗೊತ್ತಾಗಿ ಅವಳಿಗೆ ಹೆದರಿಕೆಯಾಯಿತು. ಹುಡುಗಿಯನ್ನು ಸಮಾಧಾನ ಮಾಡಲು ಬಾಯಿ ತೆರೆದಳು.

"ಹೋಗು ಮಗಳೇ. ನನ್ನದೇನು..."

ಅಜ್ಜನ ದನಿ ಕೇಳಿದವರಂತೆ ಇಬ್ಬರೂ ಬಾಗಿಲ ಕಡೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ನೀನಲ್ಲ ಕಣೇ," ಎಂದಳು ತಾಯಿ. "ಅಪ್ಪನಿಗೆ ಹಸಿವಿತ್ತು, ಬೇಕಂತಲೇ ಉಣ್ಣಲಿಲ್ಲ. ನಾನು ಪೇಟೆಗೆ ಹೊರಟಾಗ್ಲೂ ಹಸಿವಿತ್ತು." ಅರಿವೆಗಳನ್ನು ಅವಳೇ ಚೀಲಕ್ಕೆ ವಾಪಸು ತುಂಬಿದಳು.

ಬಸ್ಸು ಹೊರಡುವಾಗ ತಾಯಿಯ ಕಣ್ಣಿಗೆ ಕತ್ತಲೆ ಬಂತು. ನಿಜವಾಗಿಯೂ ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಹುಡುಗಿ ಕಿಟಕಿಯಿಂದ ಇತ್ತಲೇ ನೋಡುತ್ತಿದ್ದಳು. ತಾಯಿ ಕೈ ಬೀಸಿದಳು. ಆಮೇಲೆ ನೆಟ್ಟಗೆ ನಡೆದು, ಕಿಟಕಿಗೆ ಕಾಣದ ಹಾಗೆ ನಿಲ್ದಾಣದ ಗೋಡೆಯ ಹಿಂದಕ್ಕೆ ಹೋಗಿ, ಅಲ್ಲಿ ಕುಸಿದು ಕೂತಳು.