ಸೆಲೀನ್ ಬಾಯಿಯ ಖಾಲಿ ಚಾವಡಿ

ಉದ್ಯಾವರದ ಸೆಲೀನ್ ಬಾಯಿಯ ಚಾವಡಿಯಲ್ಲಿ ಒಂದು ಸೋಫಾ ಇತ್ತು. ಸೋಫಾ ಅಂದರೆ ಎಂತ ಸೋಫಾ ಮಾರಾಯ್ರೆ, ಮಲ್ಪೆಯ ಬೋಟಿನಷ್ಟು ದೊಡ್ಡದು! ದೋಹಾದಲ್ಲಿರುವ ಮಗಳು ಶಾರ್ಲೆಟ್ ಮಣಿಪಾಲದ ಅಂಗಡಿಯಿಂದ ಕಳಿಸಿಕೊಟ್ಟದ್ದು. ಒಳಗೆ ತರುವಾಗ ಏಳು ಜನರ ಸೊಂಟ ಉಳುಕಿತ್ತು. ಆರು ವರ್ಷ ಆದರೂ ಅದರ ಪ್ಲಾಸ್ಟಿಕ್ ಕವರ್ ತೆಗೆದಿರಲಿಲ್ಲ. ಕೂತರೆ ಹಪ್ಪಳ ಮುರಿದ ಹಾಗೆ ಸದ್ದು. ಅದರ ಪಕ್ಕದಲ್ಲಿ ಆನೆಯಂಥ ಫ್ರಿಜ್ಜು, ಎದುರಿಗೆ ಗೋಡೆಯಷ್ಟು ಅಗಲದ ಟಿವಿ, ಮೂಲೆಯಲ್ಲಿ ಗಾಜಿನ ಕಪಾಟು. ಕಪಾಟಿನೊಳಗೆ ವರ್ಷದ ದಿನಕ್ಕೊಂದರಂತೆ ಬೊಂಬೆ. ಬಂದವರು ನಿಂತೇ ಮಾತಾಡಿ ನಿಂತೇ ಹೋಗಬೇಕು.

ಇಂಥ ಮನೆಯ ಸೆಲೀನ್ ಬಾಯಿಗೆ ಆ ಆದಿತ್ಯವಾರ ಚರ್ಚಿನಲ್ಲಿ ಒಂದು ಆಸೆ ಹುಟ್ಟಿತು.

ಹೊಸ ಫಾದರ್ ಅಲೆಕ್ಸಾಂಡರ್ ಬಜಗೋಳಿ ಕಡೆಯಿಂದ ವರ್ಗವಾಗಿ ಬಂದು ಮೂರು ತಿಂಗಳು. ಅವರ ಆಸ್ತಿ ಅಂದರೆ ಎರಡು ಅಂಗಿ, ಒಂದು ಕೆಮ್ಮುವ ಸ್ಕೂಟರು. ಪೂಜೆ ಮುಗಿದ ಮೇಲೆ ಅವರು ಹೇಳಿದರು: "ಮಾತೆ ಮರಿಯಮ್ಮ ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಅವಳ ಮೂರ್ತಿ ನಮ್ಮ ವಾಳೆಯ, ಅಂದರೆ ಈ ಕೇರಿಯ, ಒಂದು ಮನೆಯಲ್ಲಿ ಇರಲಿ. ನಲವತ್ತು ಮನೆಯವರೂ ಸಂಜೆ ಅಲ್ಲೇ ಕೂತು ಜಪಮಣಿ ಹಿಡಿದು ತೇರ್ಸ್ ಹೇಳುವ. ಬಣ್ಣದ ಲೈಟು ಬೇಡ, ಬಿರಿಯಾನಿ ಬೇಡ. ಸರಳವಾದ ಮನೆ ಸಾಕು. ನಾನೇ ಬಂದು ನೋಡ್ತೇನೆ."

ಪಕ್ಕದಲ್ಲಿ ಕೂತಿದ್ದ ಝೀಟಾ ಬಾಯಿ ಮೊಣಕೈಯಿಂದ ತಿವಿದಳು. "ಎಂತ ಸೆಲೀನ್, ನಿನ್ನ ಕಣ್ಣು ಯಾಕೆ ಹಾಗೆ ಹೊಳೆಯುವುದು? ನಿನ್ನ ಮನೆಯಲ್ಲಿ ಮಾತೆಗೆ ಕಾಲಿಡಲಿಕ್ಕೆ ಜಾಗ ಉಂಟಾ?"

"ನಿನ್ನ ಮನೆಗೆ ಒಮ್ಮೆ ಬಂದಾಯಿತಲ್ಲ. ಮೂವತ್ತು ವರ್ಷದಿಂದ ಅದನ್ನೇ ಹೇಳಿ ಹೇಳಿ ನನ್ನ ಕಿವಿ ತೂತಾಗಿದೆ," ಅಂದಳು ಸೆಲೀನ್ ಬಾಯಿ.

ತಮಾಷೆ ಮಾಡಿದರೂ ಒಳಗೆ ಒಂದು ಮುಳ್ಳು ಇತ್ತು. ಆ ವರ್ಷ ಮಾತೆ ತಮ್ಮ ಮನೆಗೇ ಬರುತ್ತಾಳೆ ಅಂತ ಗಂಡ ಮರ್ಸೆಲ್ ಹಲಸಿನ ಮರದಲ್ಲಿ ಒಂದು ಪೀಠ ಕೆತ್ತಿದ್ದ. ನಾಲ್ಕು ಕಾಲಿಗೆ ನಾಲ್ಕು ಭತ್ತದ ತೆನೆ. ಮಾತೆ ಝೀಟಾಳ ಮನೆಗೆ ಹೋದಳು. ಮರ್ಸೆಲ್ ಪೀಠವನ್ನು ಮೂಲೆಗೆ ಸರಿಸಿಟ್ಟ. ಈಗ ಮರ್ಸೆಲ್ ಇಲ್ಲ. ಪೀಠದ ಮೇಲೆ ಟಿವಿ ಕೂತಿದೆ.

ಮರುದಿನ ಬೆಳಿಗ್ಗೆಯೇ ಸೆಲೀನ್ ಬಾಯಿ ಪಕ್ಕದ ಮನೆಯ ವಾಸುವನ್ನು ಕರೆದಳು. "ಮಗಾ, ಈ ಸಾಮಾನೆಲ್ಲ ಎರಡು ದಿನ ನಿನ್ನ ಮನೆಯಲ್ಲಿ ಇರಲಿ."

ವಾಸು, ಅವನ ಹೆಂಡತಿ ಶ್ರೀಮತಿ, ಮೀನಿನ ಟೆಂಪೋದ ಇಬ್ಬರು ಸೇರಿ ಸೋಫಾದಿಂದ ಹಿಡಿದು ಟಿವಿಯ ಕೆಳಗಿನ ಪೀಠದವರೆಗೆ ಹೊತ್ತದ್ದೇ ಹೊತ್ತದ್ದು. ಬೆವರು ಹರಿದು ಅಂಗಳದಲ್ಲಿ ತೋಡಾಯಿತು. "ಬಾಯಮ್ಮ, ಮನೆ ಮಾರಿದಿರಾ ಎಂತ?" ಅಂತ ಶ್ರೀಮತಿ ಗಾಬರಿಯಲ್ಲಿ ಕೇಳಿದಳು.

"ಇಲ್ಲ ಮಾರಾಯ್ತಿ. ಸರಳ ಆಗ್ತಾ ಇದ್ದೇನೆ."

ಮರುದಿನ ಸಂಜೆ ಫಾದರ್ ಬಂದರು. ಹಿಂದಿನಿಂದ ಝೀಟಾ ಬಾಯಿಯೂ ಬಂದಳು, ಕರೆಯದಿದ್ದರೂ. ಸೆಲೀನ್ ಬಾಯಿ ತೇಪೆ ಹಾಕಿದ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು, ಹುಟ್ಟಿದಾಗಿನಿಂದ ಅಲ್ಲೇ ಕೂತವಳ ಹಾಗೆ. ಬೆಲ್ಲ ನೀರು ಕೊಟ್ಟಳು.

ಫಾದರ್ ಸುತ್ತ ನೋಡಿದರು. "ಇಷ್ಟೇನಾ ಬಾಯಿ ನಿಮ್ಮ ಸಂಸಾರ?"

"ಇಷ್ಟೇ ಫಾದರ್. ಒಂದು ಚಾಪೆ, ಒಂದು ಚೊಂಬು, ಒಂದು ಜಪಮಣಿ. ನಜರೇತಿನಲ್ಲಿ ಮಾತೆಗೆ ಸೋಫಾ ಇತ್ತಾ?"

ಝೀಟಾಳ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಅಷ್ಟರಲ್ಲಿ ಪಾಗಾರದ ಗೋಡೆಯ ಆಚೆಯಿಂದ ಶ್ರೀಮತಿಯ ಕೂಗು. "ಬಾಯಮ್ಮಾ! ಇವತ್ತು ನಮಗೆ ಅಷ್ಟಮಿ ಉಪವಾಸ! ನಿಮ್ಮ ಫ್ರಿಜ್ಜು ಹೊಟ್ಟೆನೋವು ಬಂದವರ ಹಾಗೆ ಕುಂಯ್ ಕುಂಯ್ ಹೇಳ್ತಾ ಉಂಟು. ತೆಗೆದು ನೋಡಿದರೆ ಒಳಗೆ ಹನ್ನೆರಡು ಬಂಗುಡೆ ಮಲಗಿದ್ದಾವೆ! ಕೃಷ್ಣ ದೇವರಿಗೆ ನಾನು ಎಂತ ಹೇಳುವುದು?"

ಸೆಲೀನ್ ಬಾಯಿ ಜಪಮಣಿಯನ್ನು ಗಟ್ಟಿ ಹಿಡಿದಳು. ಅವಸರದಲ್ಲಿ ಮೀನು ತೆಗೆಯಲು ಮರೆತೇ ಹೋಗಿತ್ತು. ಫಾದರ್ ಲೋಟ ಕೆಳಗಿಟ್ಟು ಎದ್ದರು. "ಬನ್ನಿ ಬಾಯಿ, ಬಂಗುಡೆಯನ್ನು ಮೊದಲು ಬಿಡಿಸುವ."

ವಾಸುವಿನ ಮನೆಯಲ್ಲಿ ಸೋಫಾದ ಆಚೆಗೆ ಹೋಗಲು ಎಲ್ಲರೂ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದರು. ಫಾದರ್ ಸೋಫಾದಲ್ಲಿ ಕೂತರು. ಹಪ್ಪಳ ಮುರಿದ ಸದ್ದಾಯಿತು. ಝೀಟಾ ಬಾಯಿ ನಕ್ಕು ನಕ್ಕು ಕೆಳಗೆ ಬೀಳುವುದೊಂದು ಬಾಕಿ.

"ಝೀಟಾ ಬಾಯಿ," ಅಂದರು ಫಾದರ್, "ನಿನ್ನೆ ನಿಮ್ಮ ಮನೆ ನೋಡಲಿಕ್ಕೆ ಬಂದಾಗ ಮಂಚದ ಕೆಳಗಿನಿಂದ ಮಿಕ್ಸಿ ಇಣುಕಿ ನೋಡ್ತಾ ಇತ್ತು. ನಾನು ಮಾತಾಡಿಸಲಿಲ್ಲ, ಅಷ್ಟೇ."

ನಗು ಅಲ್ಲಿಗೇ ನಿಂತಿತು.

ಸೆಲೀನ್ ಬಾಯಿ ತಲೆ ತಗ್ಗಿಸಿ ಬಂಗುಡೆಯ ಪಾತ್ರೆ ಹಿಡಿದು ಹೊರಟಳು. ಟಿವಿಯ ಎದುರು ಕಾಲು ನಿಂತಿತು. ಪೀಠದ ತೆನೆಗಳ ಮೇಲೆ ಧೂಳು ಕೂತಿತ್ತು. ಪಾತ್ರೆಯನ್ನು ಝೀಟಾಳ ಕೈಗೆ ಕೊಟ್ಟಳು.

"ವಾಸು, ಈ ಟಿವಿಯನ್ನು ಇಳಿಸು ಮಗಾ."

ವಾಸು ಇಳಿಸಿದ. ಸೆಲೀನ್ ಬಾಯಿ ಸೆರಗಿನಿಂದ ಒಂದೊಂದೇ ತೆನೆ ಒರೆಸಿದಳು.

"ಫಾದರ್, ನಾನು ದೊಡ್ಡ ಸುಳ್ಳಿ. ನನ್ನ ಮನೆಗೆ ಮಾತೆ ಬರುವುದು ಬೇಡ. ಝೀಟಾಳ ಮನೆಗೇ ಹೋಗಲಿ. ಆದರೆ ಇದರ ಮೇಲೆ ಕೂರಲಿ. ಮರ್ಸೆಲ್ ಮಾಡಿದ್ದು. ಅವನು ಮಾಡಿದ್ದು ಟಿವಿಗೆ ಅಲ್ಲ."

ಫ್ರಿಜ್ಜು ಕೂಡ ಸುಮ್ಮನಾಯಿತು.

ಝೀಟಾ ಬಾಯಿ ಬಂಗುಡೆ ಹಿಡಿದುಕೊಂಡೇ ಮೂಗು ಒರೆಸಿದಳು. "ನನ್ನ ಚಾವಡಿಯಲ್ಲಿ ಹತ್ತು ಜನ ಹಿಡಿಯುವುದಿಲ್ಲ ಮಾರಾಯ್ತಿ. ನಲವತ್ತು ಮನೆಯವರು ನನ್ನ ತಲೆ ಮೇಲೆ ಕೂರುವುದಾ? ಈಗ ನಿನ್ನಲ್ಲಿ ಮೈದಾನ ಉಂಟಲ್ಲ!"

ಫಾದರ್ ನಕ್ಕರು. "ಬೆತ್ಲೆಹೇಮಿನಲ್ಲಿ ಜಾಗ ಇಲ್ಲ ಅಂತ ಹೇಳಿಸಿಕೊಂಡವಳು ಆ ತಾಯಿ. ಅವಳಿಗೆ ಬೇಕಾದದ್ದು ಜಾಗ. ನೀವು ಸುಳ್ಳು ಹೇಳಿದಿರಿ ಬಾಯಿ, ಆದರೆ ಚಾವಡಿ ಖಾಲಿಯಾದದ್ದು ಸತ್ಯ. ಅದನ್ನು ಹಾಗೇ ಇಡ್ತೀರಾ?"

"ಸೋಫಾ ವಾಪಸ್ ಬಂದರೆ ನಾನೇ ಬಾಗಿಲಲ್ಲಿ ಅಡ್ಡ ಮಲಗ್ತೇನೆ!"

"ಹಾಗಾದರೆ ನಮ್ಮ ಗತಿ?" ಅಂದ ವಾಸು, ಸೋಫಾದ ಹಿಂದಿನಿಂದ.

ಸೋಫಾ ಚರ್ಚಿನ ಜಗಲಿಗೆ ಹೋಯಿತು, ಪ್ಲಾಸ್ಟಿಕ್ ಇಲ್ಲದೆ. ಈಗ ಮಂಡಿ ನೋವಿನ ಅಜ್ಜಿಯರೆಲ್ಲ ಪೂಜೆಗೆ ಒಂದು ಗಂಟೆ ಮುಂಚೆ ಬಂದು ಜಾಗ ಹಿಡಿಯುತ್ತಾರೆ. ಬೊಂಬೆಗಳು ವಾಳೆಯ ಮಕ್ಕಳ ಕೈ ಸೇರಿದವು. ಫ್ರಿಜ್ಜು ಮಾತ್ರ ಅಡುಗೆಮನೆಗೆ ಬಂತು. ಬಂಗುಡೆ ಎಲ್ಲಿ ಮಲಗಬೇಕು ಮತ್ತೆ?

ಸೆಲೀನ್ ಬಾಯಿಯ ಚಾವಡಿಯಲ್ಲಿ ಮಾತೆ ಮರ್ಸೆಲ್ ಮಾಡಿದ ಪೀಠದ ಮೇಲೆ ಕೂತಳು; ಒಂಬತ್ತು ಸಂಜೆಯೂ ಚಾಪೆಗೆ ಚಾಪೆ ತಾಗಿಸಿ ಜನ ಕೂತರು. ಮಕ್ಕಳು ದಾಸವಾಳ, ರತ್ನಗಂಧಿ ತಂದು ತಂದು ಪೀಠವೇ ಕಾಣದ ಹಾಗೆ ರಾಶಿ ಹಾಕಿದರು. ಶ್ರೀಮತಿ ಶಂಕರಪುರ ಮಲ್ಲಿಗೆಯ ಒಂದು ಚೆಂಡು ಕೊಟ್ಟು ಬಾಗಿಲ ಹತ್ತಿರ ಕೂತಳು.

"ಕಡೇ ದಿನ ಒಂಬತ್ತು ಸಾವಿರ ಜನ ಇದ್ದರು," ಅನ್ನುತ್ತಾಳೆ ಸೆಲೀನ್ ಬಾಯಿ.

"ತೊಂಬತ್ತು," ಅನ್ನುತ್ತಾಳೆ ಝೀಟಾ.

"ನೀನು ಹಿಂದೆ ತಿರುಗಿ ನೋಡಿದಿಯಾ?"

ಹಬ್ಬ ಮುಗಿದು ಮಾತೆ ಚರ್ಚಿಗೆ ಹೋದಳು. ವಾಸು ಟಿವಿ ಹೊತ್ತು ತಂದು ಪೀಠದ ಎದುರು ನಿಂತ. "ಬಾಯಮ್ಮ, ಇಡುವುದಾ ಇಲ್ಲಿ?"

"ಅಲ್ಲಿ ಜಾಗ ಇಲ್ಲ ಮಗಾ," ಅಂದಳು ಸೆಲೀನ್ ಬಾಯಿ, ಖಾಲಿ ಪೀಠ ನೋಡುತ್ತಾ. "ಅದು ನೆಲದಲ್ಲಿ ಕೂರಲಿ. ನಾನೂ ನೆಲದಲ್ಲೇ ಅಲ್ವಾ?"