ಲಗಮಣ್ಣ ಹೇಳಿದ ನಿಜ

ಮುನವಳ್ಳಿ ಕಡೆಯ ಲಗಮಣ್ಣ ಒಳ್ಳೆಯ ಟ್ರ್ಯಾಕ್ಟರ್ ಡ್ರೈವರ್. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅವನ ಮಾಲೀಕ ಬೇರೆ ಯಾರ ಕೈಗೂ ಸ್ಟೀರಿಂಗ್ ಕೊಡುತ್ತಿರಲಿಲ್ಲ. ಅಂಥವನ ಕೈಯಿಂದಲೇ ಒಂದು ಜೀವ ಹೋಯಿತು.

ಅವತ್ತು ಬೆಳಿಗ್ಗೆ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಹೊಸದು ಬೇಕೆಂದರೆ ಸವದತ್ತಿಗೆ ಹೋಗಬೇಕು, ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ತಪ್ಪುತ್ತದೆ. ಲಗಮಣ್ಣ ಕೈಗೆ ಸಿಕ್ಕ ಕಬ್ಬಿಣದ ತುಂಡೊಂದನ್ನು ಸಿಕ್ಕಿಸಿ, ತಂತಿ ಸುತ್ತಿ ಹೊರಟುಬಿಟ್ಟ. ರಾಮದುರ್ಗದ ರಸ್ತೆಯ ಏರಿನಲ್ಲಿ ಅದು ಮುರಿಯಿತು. ಕಬ್ಬು ತುಂಬಿದ ಟ್ರೇಲರು ಹಿಂದಕ್ಕೆ ಉರುಳಿ, ರಸ್ತೆ ಬದಿಗೆ ಸೈಕಲ್ ನಿಲ್ಲಿಸಿಕೊಂಡು ನೀರು ಕುಡಿಯುತ್ತಿದ್ದ, ಮನೆ ಕಟ್ಟುವ ಗೌಂಡಿ ಹನುಮಪ್ಪನ ಮೇಲೆ ಬಿತ್ತು. ಹನುಮಪ್ಪ ಅಲ್ಲೇ ತೀರಿಕೊಂಡ.

ಪೊಲೀಸರು ಬರುವಷ್ಟರಲ್ಲಿ ಲಗಮಣ್ಣ ಮುರಿದ ತುಂಡನ್ನು ಕಾಲುವೆಗೆ ಎಸೆದಿದ್ದ. "ಪಿನ್ನು ತಾನ ಕಟ್ಟಾತ್ರಿ ಸಾಹೇಬ್ರ, ನನಗೇನೂ ಗೊತ್ತಿಲ್ರಿ" ಎಂದ. ಕೇಸಾಯಿತು, ಜಾಮೀನೂ ಸಿಕ್ಕಿತು. "ಇದ ಮಾತು ಕೋರ್ಟಿನ್ಯಾಗೂ ಹೇಳು, ಬಿಡುಗಡಿ ಆಗತೈತಿ" ಎಂದು ವಕೀಲರು ಧೈರ್ಯ ಹೇಳಿದರು.

ಆದರೆ ಒಳಗೆ ಬಿಡುಗಡೆ ಇರಲಿಲ್ಲ. ಮತ್ತೆ ಟ್ರ್ಯಾಕ್ಟರ್ ಹತ್ತಲಿಲ್ಲ. ಡ್ರೈವರಿಕೆ ಬಿಟ್ಟು ಹಮಾಲಿಗೆ ಸೇರಿದ. ಉಂಡದ್ದು ಮೈಗೆ ಹತ್ತಲಿಲ್ಲ. ಹೆಂಡತಿ ಕೃಷ್ಣವ್ವ ಸವದತ್ತಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿ ದೇವಿಗೆ ಹರಕೆ ಕಟ್ಟಿದಳು. ಅವನೂ ಕೈ ಮುಗಿದು ನಿಂತ. ಮಾಡಿದ್ದನ್ನು ಯಾರಿಗೂ ಹೇಳದೆ ಯಾವ ದೇವರೆದುರು ನಿಂತು ಏನು ಕೇಳುವುದು?

ಮುಂದಿನ ಬೇಸಿಗೆಯಲ್ಲಿ ರಾಮದುರ್ಗದ ಹೊರಗೆ ಕಟ್ಟುತ್ತಿದ್ದ ಒಂದು ಕ್ರೈಸ್ತ ಪ್ರಾರ್ಥನಾ ಮಂದಿರಕ್ಕೆ ಸಿಮೆಂಟ್ ಇಳಿಸುವ ಕೆಲಸ ಬಂತು. ಚೀಲ ಹೊತ್ತು ಒಳಗೆ ಹೋದವನು ಅಲ್ಲೇ ನಿಂತ. ಎದುರಿಗೆ ಕಸ ಗುಡಿಸುತ್ತಿದ್ದವಳು ಬಾಯವ್ವ, ಹನುಮಪ್ಪನ ಹೆಂಡತಿ. ಕೋರ್ಟಿನ ವರಾಂಡದಲ್ಲಿ ಅವಳನ್ನು ನೋಡಿದ್ದ. ಗಂಡ ಹೆಂಡತಿ ಇಬ್ಬರೂ ಎಷ್ಟೋ ವರ್ಷಗಳಿಂದ ಈ ಸಭೆಯ ವಿಶ್ವಾಸಿಗಳು. ಆ ಗೋಡೆಗಳನ್ನು ಎಬ್ಬಿಸಿದ್ದು ಹನುಮಪ್ಪನೇ.

ಬಾಯವ್ವನಿಗೂ ಗುರುತು ಹತ್ತಿತು. ಹಮಾಲರಿಗೆಲ್ಲ ನೀರು ಕೊಟ್ಟು ಬಂದವಳು ಅವನ ಮುಂದೆಯೂ ತಂಬಿಗೆ ಹಿಡಿದಳು. "ಬಿಸಲಾಗ ಬಂದೀರಿ, ಕುಡೀರಿ."

ಲಗಮಣ್ಣ ತಂಬಿಗೆ ಮುಟ್ಟಲಿಲ್ಲ. ಸಿಮೆಂಟಿನ ಧೂಳಿನಲ್ಲೇ ಕುಸಿದು ಕುಳಿತ. "ಅಕ್ಕಾರ, ಅದು ಪಿನ್ನ ಅಲ್ರಿ. ನಾ ಹಳೇ ಕಬ್ಬಿಣದ ತುಂಡು ಹಾಕಿದ್ದೆ. ತಡಿಯೂದಿಲ್ಲಂತ ನನಗ ಗೊತ್ತಿತ್ರಿ."

"ಗೊತ್ತಿತ್ತಾ?"

"ಹೂಂ ರಿ."

ಬಾಯವ್ವ ತಂಬಿಗೆಯನ್ನು ನೆಲಕ್ಕಿಟ್ಟು ಗೋಡೆ ಹಿಡಿದುಕೊಂಡಳು. "ಹೋಗು. ನನ್ನ ಕಣ್ಣ ಮುಂದ ನಿಂದರಬ್ಯಾಡ" ಎಂದಳು. ಅವನು ಎದ್ದು ಗೇಟಿನ ತನಕ ಹೋದಾಗ ಹಿಂದಿನಿಂದ ಅವಳ ದನಿ ಕೇಳಿಸಿತು: "ಐತವಾರ ಬಾ. ಅಷ್ಟರಾಗ ನಾ ದೇವರ ಕೂಡ ಮಾತಾಡಬೇಕು."

ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಲಗಮಣ್ಣ ಹೋಗಿ ಎಲ್ಲರ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕುಳಿತ. ಸಂದೀಪ ಎಂಬ ಚಿಕ್ಕ ವಯಸ್ಸಿನ ಪಾಸ್ಟರ್, ಯೇಸುವಿನ ಮಗ್ಗುಲಲ್ಲಿ ಶಿಲುಬೆಗೇರಿದ ಅಪರಾಧಿಯೊಬ್ಬನ ವಿಷಯ ಹೇಳುತ್ತಿದ್ದರು. ಅವನಿಗೆ ಪುಣ್ಯ ಮಾಡಲು ಸಮಯವಿರಲಿಲ್ಲ, ಕೈಕಾಲಿಗೆ ಮೊಳೆ ಹೊಡೆದಿದ್ದರು. ತಪ್ಪು ಒಪ್ಪಿಕೊಂಡು, ನನ್ನನ್ನು ಮರೆಯಬೇಡ ಎಂದು ಕೇಳಿದ, ಅಷ್ಟೇ. ಅಂಥವನಿಗೂ ಅವತ್ತೇ ಯೇಸುವಿನ ಹತ್ತಿರ ಜಾಗ ಸಿಕ್ಕಿತು. ಇದು ತನಗೇ ಹೇಳಿದ ಮಾತೆಂದು ಲಗಮಣ್ಣನಿಗೆ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಬಾಯವ್ವ ಬಂದು ಅವನೆದುರು ಕುಳಿತಳು. ಅವಳ ಕಣ್ಣುಗಳು ಬಾತುಕೊಂಡಿದ್ದವು.

"ಈ ವಾರ ನಾ ಪ್ರಾರ್ಥನಿ ಮಾಡಿಲ್ಲ, ದೇವರ ಕೂಡ ಜಗಳಾ ಮಾಡೇನಿ. ಇಂವನ್ನ ಬಿಟ್ಟು ಬ್ಯಾರೆ ಯಾರನ್ನರೆ ಕ್ಷಮಿಸಂತ ಹೇಳಪಾ ಅಂದೆ. ಕೇಳಲಿಲ್ಲ. ನನ್ನ ಪಾಪಕ್ಕ ಯೇಸು ರಕ್ತಾ ಸುರಿಸ್ಯಾನಂತ ನಂಬಿದಾಕಿ ನಾ. ನಿನ್ನ ಪಾಪಕ್ಕ ಅದು ಸಾಲೂದಿಲ್ಲಂತ ಹೆಂಗ ಹೇಳಲಿ? ನಿನ್ನ ಕ್ಷಮಿಸೇನಿ, ತಮ್ಮಾ. ನಾಳೆ ಮತ್ತ ಸಿಟ್ಟು ಬರಬಹುದು. ಬಂದರ ಮತ್ತ ಕ್ಷಮಿಸತೇನಿ."

ಲಗಮಣ್ಣ ಹಣೆ ನೆಲಕ್ಕೆ ಹಚ್ಚಿ ಅತ್ತ. "ನನ್ನೂ ಕೈಬಿಡಬ್ಯಾಡಪಾ ಯೇಸುವೇ" ಎಂದಷ್ಟೇ ಅನ್ನಲು ಬಂತು. ಮೊದಲ ಸಲ ಅವನು ಏನನ್ನೂ ಮುಚ್ಚಿಡದೆ ದೇವರೆದುರು ಇದ್ದ. ಎದ್ದಾಗ ಎದೆಯ ಮೇಲಿನ ಭಾರ ಇಳಿದಿತ್ತು.

"ಕೋರ್ಟಿನ್ಯಾಗ ಏನ ಹೇಳಲ್ರಿ?" ಎಂದು ಪಾಸ್ಟರನ್ನು ಕೇಳಿದ.

"ದೇವರು ಕ್ಷಮಿಸ್ಯಾನ. ಇನ್ನ ನೀವು ಖರೇ ಹೇಳಾಕ ಹೆದರೂ ಕಾರಣ ಇಲ್ಲ" ಎಂದರು ಸಂದೀಪ.

ವಕೀಲರು ಬೈದರು. ಕೃಷ್ಣವ್ವ ಅತ್ತು ರಂಪ ಮಾಡಿದಳು: "ತಾವಾಗೇ ಹೋಗಿ ಜೈಲಿನ ಬಾಗಲಾ ಬಡಿಯೂ ಶ್ಯಾಣ್ಯಾರನ್ನ ಎಲ್ಲೂ ಕಂಡಿಲ್ಲ!" ಆದರೂ ಲಗಮಣ್ಣ ಕೋರ್ಟಿನಲ್ಲಿ ಎಲ್ಲವನ್ನೂ ಹೇಳಿದ, ಕಾಲುವೆಗೆ ಎಸೆದದ್ದನ್ನೂ ಬಿಡಲಿಲ್ಲ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ನ್ಯಾಯಾಧೀಶರು ಕೇಳಿದರು. "ಯಾರೂ ಇಲ್ರಿ. ಸುಳ್ಳು ಹೊತ್ತು ಸಾಕಾಗೈತ್ರಿ" ಎಂದ. ಶಿಕ್ಷೆಯಾಯಿತು. ಹಿಂಡಲಗಾ ಜೈಲಿನ ಗದ್ದಲದಲ್ಲಿ ಅವನಿಗೆ ಮನೆಯಲ್ಲಿ ಬಾರದಿದ್ದ ನಿದ್ದೆ ಬಂತು.

ಇತ್ತ ಬಾಯವ್ವ ಬುತ್ತಿ ಕಟ್ಟಿಕೊಂಡು ಕೃಷ್ಣವ್ವನ ಮನೆಗೆ ಬಂದಳು. ಕೃಷ್ಣವ್ವ ಬಾಗಿಲು ಹಾಕಿಕೊಂಡು ಒಳಗಿನಿಂದಲೇ ಕೂಗಿದಳು: "ನಿನ್ನಿಂದನ ನನ್ನ ಗಂಡ ಒಳಗ ಹೋಗ್ಯಾನ!"

ಬಾಯವ್ವ ಕಟ್ಟೆಯ ಮೇಲೆ ಕುಳಿತಳು. "ನಿಮ್ಮ ಮನ್ಯಾಗೂ ಗಂಡಸರಿಲ್ಲ, ನಮ್ಮ ಮನ್ಯಾಗೂ ಇಲ್ಲ. ಒಬ್ಬಾಕಿನ ಉಂಡು ಉಂಡು ಬ್ಯಾಸರಾಗೈತಿ. ರೊಟ್ಟಿ ಆರಾಕಹತ್ತ್ಯಾವ, ಬಾಗಲಾ ತಗಿ ತಂಗಿ."

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಆಮೇಲೆ ಇಬ್ಬರೂ ಕೂಡಿ ಸವದತ್ತಿ ಸಂತೆಯಲ್ಲಿ ಕಾಯಿಪಲ್ಯೆ ಮಾರತೊಡಗಿದರು. ಲಗಮಣ್ಣ ಹೊರಗೆ ಬಂದ ದಿನ ಜೈಲಿನ ಗೇಟಿನಲ್ಲಿ ಇಬ್ಬರೂ ನಿಂತಿದ್ದರು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ, ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಇಳಿದು ಹೊಳೆ ಶಾಂತವಾದ ಮೇಲೆ, ಲಗಮಣ್ಣ ಮಲಪ್ರಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಕೃಷ್ಣವ್ವ ಇನ್ನೂ ಮನಸ್ಸು ಮಾಡಿರಲಿಲ್ಲ. ಒಣ ಧೋತರ, ಟವೆಲ್ ಹಿಡಿದು ದಂಡೆಯಲ್ಲಿ ಕುಳಿತಿದ್ದಳು. ಸಂದೀಪ ಅವನನ್ನು ನೀರಿನಲ್ಲಿ ಮುಳುಗಿಸಿ ಎತ್ತಿದಾಗ ಲಗಮಣ್ಣ ನಗುತ್ತಿದ್ದ. ಅವನು ನಕ್ಕದ್ದನ್ನು ಕೃಷ್ಣವ್ವ ಬಹಳ ಕಾಲದ ಮೇಲೆ ಕಂಡಳು.

"ಹೆಂಗ ಅನಸ್ತೈತಿ?" ಎಂದು ತಲೆ ಒರೆಸುತ್ತ ಕೇಳಿದಳು.

"ಭಾಳ ಥಂಡಿ ಐತಿ" ಎಂದ. ಆಮೇಲೆ ಮೆಲ್ಲಗೆ, "ನಾ ಗಳಿಸಿದ್ದಲ್ಲ ಇದು ಕೃಷ್ಣೀ. ಯೇಸು ಪುಕ್ಕಟ ಕೊಟ್ಟ" ಎಂದ.

ಊಟ ಬಾಯವ್ವನ ಮನೆಯಲ್ಲಿ. ರೊಟ್ಟಿ, ಝುಣಕ ಬಡಿಸಿ ಬಾಯವ್ವ ಕಣ್ಣು ಮುಚ್ಚಿದಳು. "ಕರ್ತನೇ, ಹನುಮಪ್ಪನ್ನ ಕೊಟ್ಟಿದ್ದಕ್ಕ ಸ್ತೋತ್ರ. ಈ ತಮ್ಮನ್ನ ಬದುಕಿಸಿದ್ದಕ್ಕ ಸ್ತೋತ್ರ. ಈ ತಂಗೀನ್ನ ಕೊಟ್ಟಿದ್ದಕ್ಕ ಸ್ತೋತ್ರ. ಆಮೆನ್."

ಲಗಮಣ್ಣನೂ ಆಮೆನ್ ಎಂದ.

"ಹಂಗಂದ್ರ ಏನಕ್ಕಾ?" ಎಂದು ಕೇಳಿದಳು ಕೃಷ್ಣವ್ವ.

"ಹಂಗ ಆಗಲಿ ಅಂತ."

ಕೃಷ್ಣವ್ವ ಇಬ್ಬರ ಮುಖವನ್ನೂ ನೋಡಿದಳು. "ಹಂಗಾದ್ರ ನಾನೂ ಅಂತೇನಿ" ಎಂದು ಕೈ ಮುಗಿದಳು.